ಕಿತ್ತಳೆ ಗಸಿ ಬಂದರೆ ಆಲ್ಕಲಾಯ್ಡ್ ಇದ್ದಂತೆಯೇ?

ಪ್ರಶ್ನೆ: ಔಷಧೀಯ ಗಿಡವೊಂದರ ಎಲೆಯ ಮೆಥನಾಲ್ ಸಾರಕ್ಕೆ ಆಲ್ಕಲಾಯ್ಡ್ (ಗಿಡಗಳಲ್ಲಿರುವ ಸಾರಜನಕಯುಕ್ತ, ಹೆಚ್ಚಾಗಿ ಕ್ಷಾರೀಯ ಸಂಯುಕ್ತ) ಪತ್ತೆಗೆ ಬಳಸುವ ಡ್ರಾಗೆಂಡಾರ್ಫ್ ದ್ರಾವಣ ಹಾಕಿದಾಗ ಕಿತ್ತಳೆ ಗಸಿ ಬಂತು. ಅದೇ ಸಾರ ಬ್ಯಾಕ್ಟೀರಿಯಾವನ್ನೂ ತಡೆಯಿತು. ಎರಡಕ್ಕೂ ಆಲ್ಕಲಾಯ್ಡೇ ಕಾರಣ ಎನ್ನಬಹುದೇ?

ಉತ್ತರ: ಇಷ್ಟು ಬೇಗ ಬೇಡ. ಪ್ರೋಟೀನು, ಕೂಮರಿನ್ ಎಂಬ ಸಸ್ಯ ಸಂಯುಕ್ತಗಳಲ್ಲಿ ಕೆಲವೂ ಇದೇ ಬಣ್ಣ ತೋರಿಸಿ ಮೋಸ ಮಾಡುತ್ತವೆ. ಆಲ್ಕಲಾಯ್ಡನ್ನು ಬೇರ್ಪಡಿಸಿ ನೋಡಲು, ನೆರಳಲ್ಲಿ ಒಣಗಿಸಿದ 5 ಗ್ರಾಂ ಎಲೆಪುಡಿಯನ್ನು ಶೇ 2ರ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ.ನಲ್ಲಿ ಬೆಚ್ಚಗೆ ಕಲಕಿ ಸೋಸಿ. ತಣಿದ ಮೇಲೆ ಅಮೋನಿಯಾದಿಂದ ಪಿಎಚ್ 9–10ಕ್ಕೆ ತಂದು, ಬೇರ್ಪಡಿಸುವ ಆಲಿಕೆಯಲ್ಲಿ ಕ್ಲೋರೋಫಾರ್ಮ್ ಸೇರಿಸಿ ಮೆಲ್ಲಗೆ ಮಗುಚಿ. ಜೋರಾಗಿ ಕುಲುಕಿದರೆ ಎಲೆಯ ಸ್ಯಾಪೋನಿನ್‌ಗಳು (ಸಾಬೂನಿನಂತೆ ನೊರೆ ಬರಿಸುವ ಸಂಯುಕ್ತಗಳು) ನೊರೆಗಟ್ಟಿ ಪದರಗಳು ಬಿಡಿಸಿಕೊಳ್ಳುವುದೇ ಇಲ್ಲ. ಕೆಳಗಿನ ಕ್ಲೋರೋಫಾರ್ಮ್ ಪದರವನ್ನು ಫ್ಯೂಮ್ ಹುಡ್‌ನಲ್ಲಿ (ಆವಿ ಹೊರಹಾಕುವ ಗೂಡಿನಲ್ಲಿ) ಆರಿಸಿ, ಉಳಿಕೆಯನ್ನು ದುರ್ಬಲ ಆಮ್ಲದಲ್ಲಿ ಕರಗಿಸಿ, ಡ್ರಾಗೆಂಡಾರ್ಫ್ ಜತೆಗೆ ಆಲ್ಕಲಾಯ್ಡ್‌ಗೆ ಇನ್ನೊಂದು ಪರೀಕ್ಷೆಯಾದ ಮೇಯರ್ ಪರೀಕ್ಷೆಯನ್ನೂ ಮಾಡಿ. ಎರಡರಲ್ಲೂ ಗಸಿ ಬಂದರೆ ಆಲ್ಕಲಾಯ್ಡ್ ಇರುವ ಸಾಧ್ಯತೆ ಬಲವಾಗುತ್ತದೆ. ಬಾರದಿದ್ದರೆ ನೀರಿನ ಪದರವನ್ನು ಚೆಲ್ಲಬೇಡಿ. ಬರ್ಬೆರಿನ್‌ನಂಥ ಆಲ್ಕಲಾಯ್ಡ್‌ಗಳು ಹೆಚ್ಚಾಗಿ ಅಲ್ಲೇ ಉಳಿಯುತ್ತವೆ.

ಬ್ಯಾಕ್ಟೀರಿಯಾದ ವಿಷಯ ಬೇರೆ. ಬರೀ ಮೆಥನಾಲ್ ಹಾಕಿ ಪೂರ್ತಿ ಆರಿಸಿದ ಕಾಗದದ ಬಿಲ್ಲೆ ಹೋಲಿಕೆಗೆಂದು ಪಕ್ಕದಲ್ಲಿತ್ತೇ? ಅದಿಲ್ಲದ ಫಲಿತಾಂಶಕ್ಕೆ ಬೆಲೆಯಿಲ್ಲ. ಎಲೆಯಲ್ಲಿರುವ ಒಗರು ಸಂಯುಕ್ತ ಟ್ಯಾನಿನ್ ಕೂಡ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಬಲ್ಲದು, ಹಾಗಾಗಿ ಆಲ್ಕಲಾಯ್ಡ್ ಭಾಗವನ್ನೂ ಉಳಿದ ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ.