ಕೊರೊನಾ ಕಾಲದ ಐಎಂಎಫ್ ದುಡ್ಡು ಪುಕ್ಕಟೆಯಾ, ಸಾಲವಾ?

ಪ್ರಶ್ನೆ: ಕೊರೊನಾ ಬಂದಾಗ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಡ ದೇಶಗಳಿಗೆ ಕೋಟಿಗಟ್ಟಲೆ ಡಾಲರ್ ನೆರವು ಕೊಟ್ಟಿತು ಅಂತ ಓದಿದ್ದೆ. ಅದು ಪುಕ್ಕಟೆ ದುಡ್ಡಾ, ತಿರುಗಿ ಕೊಡಬೇಕಾ? ಭಾರತಕ್ಕೂ ಬಂತಾ?
– ಓದುಗರೊಬ್ಬರು, ಗದಗ

ಉತ್ತರ: ಹೆಚ್ಚಿನದು ಸಾಲವೇ. ಪೇಪರಿನಲ್ಲಿ ನೆರವು ಅಂತ ಬರೆದರೆ ಪುಕ್ಕಟೆ ಅನ್ನಿಸುತ್ತದೆ, ಅಷ್ಟೇ.

ಗದಗದವರಿಗೆ ಇದನ್ನು ಹೇಳೋದು ಸುಲಭ. ನಿಮ್ಮ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಶುರುವಾಗಿತ್ತಲ್ವಾ? ಐಎಂಎಫ್ ಕೂಡ ಒಂಥರಾ ದೇಶಗಳ ಸೊಸೈಟಿ. ಪ್ರತಿ ದೇಶವೂ ಷೇರು ಹಣ ಕಟ್ಟಿರುತ್ತದೆ, ಅದಕ್ಕೆ ಕೋಟಾ ಅಂತಾರೆ. ಸಾಲದ ಮಿತಿಯೂ ಕೋಟಾ ನೋಡಿಯೇ. ಆದರೆ ಸೊಸೈಟಿಯಲ್ಲಿ ಹತ್ತೆಕರೆಯವರಿಗೂ ಅರ್ಧ ಎಕರೆಯವರಿಗೂ ಒಂದೇ ಓಟು. ಅಲ್ಲಿ ಷೇರು ಜಾಸ್ತಿ ಇದ್ದವರಿಗೆ ಓಟೂ ಜಾಸ್ತಿ. ದೊಡ್ಡ ತೀರ್ಮಾನಕ್ಕೆ ಶೇ 85 ಓಟು ಬೇಕು, ಅಮೆರಿಕದ ಹತ್ತಿರವೇ ಶೇ 16ಕ್ಕಿಂತ ಹೆಚ್ಚಿದೆ. ಲೆಕ್ಕ ನೀವೇ ಹಾಕಿ.

2021ರ ಆಗಸ್ಟ್‌ನಲ್ಲಿ ಐಎಂಎಫ್ 65,000 ಕೋಟಿ ಡಾಲರ್ ಬೆಲೆಯ ಎಸ್‌ಡಿಆರ್ ಹಂಚಿತು. ಇದು ನೋಟಲ್ಲ. ಬೇರೆ ದೇಶಕ್ಕೆ ಕೊಟ್ಟು ಡಾಲರ್ ಮಾಡಿಕೊಳ್ಳಬಹುದಾದ ಒಂದು ಜಮೆ. ಬಳಸಿದಷ್ಟಕ್ಕೆ ಬಡ್ಡಿ ಕಟ್ಟಿದರಾಯಿತು, ಕಂತಿನ ಕಾಟವಿಲ್ಲ. ಆದರೆ ಹಂಚಿದ್ದು ಡಿವಿಡೆಂಡ್ ಹಂಚಿದ ಹಾಗೆ, ಷೇರಿನ ಪ್ರಕಾರ. ಯಾರ ಮನೆಯಲ್ಲಿ ಜಡ್ಡು ಜಾಸ್ತಿ ಅಂತ ನೋಡಲಿಲ್ಲ. ತೀರಾ ಬಡ ದೇಶಗಳಿಗೆಲ್ಲ ಸೇರಿ ಸಿಕ್ಕಿದ್ದು ಸುಮಾರು 2,100 ಕೋಟಿ ಡಾಲರ್. ಭಾರತ ಒಂದಕ್ಕೇ ಸುಮಾರು 1,786 ಕೋಟಿ! ಅದು ದೇಶದ ವಿದೇಶಿ ವಿನಿಮಯದ ಗಂಟಿಗೆ ಸೇರಿತು. ಹುಬ್ಬಳ್ಳಿ ಕಿಮ್ಸ್‌ಗೆ ಮಂಚ ತರೋ ದುಡ್ಡಲ್ಲ ಅದು. ಕೊರೊನಾ ಎದುರಿಸಲು ಅಂತಲೇ ಭಾರತಕ್ಕೆ ವಿಶ್ವಬ್ಯಾಂಕಿನಿಂದ 100 ಕೋಟಿ ಡಾಲರ್ ಮಂಜೂರಾಗಿತ್ತು, 2020ರ ಏಪ್ರಿಲ್‌ನಲ್ಲಿ. ಅದೂ ಸಾಲ.

ನಿಜಕ್ಕೂ ಪುಕ್ಕಟೆ ಅನ್ನೋದಾದರೆ, ಸುಮಾರು 30 ಬಡ ದೇಶಗಳು ಐಎಂಎಫ್‌ಗೆ ಕಟ್ಟಬೇಕಿದ್ದ ಕೆಲವು ಕಂತುಗಳನ್ನು ದಾನಿಗಳ ನಿಧಿಯಿಂದ ತೀರಿಸಿದರು. ಮೊತ್ತ ದೊಡ್ಡದೇನಲ್ಲ.

ಜಿ20 ದೇಶಗಳೂ 2020ರ ಮೇನಿಂದ 2021ರ ಕೊನೆವರೆಗೆ 48 ದೇಶಗಳು ತಮಗೆ ಕಟ್ಟಬೇಕಿದ್ದ ಕಂತು ಮುಂದೂಡಿದವು. ಸಾಲಮನ್ನಾ ಅಂತ ತಿಳೀಬೇಡಿ, ಬರೀ ಗಡುವು ಮುಂದಕ್ಕೆ. ಸಾಲ ಕೊಟ್ಟ ಖಾಸಗಿಯವರಂತೂ ಬಹುತೇಕ ಇದಕ್ಕೆ ಸೇರಲೇ ಇಲ್ಲ. ಸೊಸೈಟಿ ಸುಮ್ನಿದ್ದರೂ ಸಾಹುಕಾರ ಕಟ್ಟೆ ಮೇಲೆ ಬಂದು ಕೂತ ಹಾಗೆ. ಜಾಂಬಿಯಾ ಅವರಲ್ಲಿ ಸ್ವಲ್ಪ ಟೈಮ್ ಕೇಳಿತ್ತು, ಒಪ್ಪಲಿಲ್ಲ. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ಅದು ಸುಸ್ತಿದಾರ ಆಯಿತು.