ಇಂಗ್ಲಿಷ್ ಪದಗಳ ಅರ್ಥ ಬಾಯಿಪಾಠವಾಗಿದೆ, ಆದರೆ ಮಾತಿನಲ್ಲಿ ಬಳಸಲು ಬರುವುದಿಲ್ಲ. ಹೇಗೆ ಕಲಿಯಲಿ?

ಬರೀ ಕನ್ನಡ ಅರ್ಥ ಬರೆದುಕೊಂಡರೆ ಹೀಗೇ ಆಗುತ್ತದೆ. ನಮ್ಮ ಮಲೆನಾಡಿನ ಮಳೆಯನ್ನೇ ತಗೊಳ್ಳಿ. ಡ್ರಿಜಲ್ ಎಂದರೂ ಮಳೆ, ಡೌನ್‌ಪೋರ್ ಎಂದರೂ ಮಳೆ ಎಂದು ಕಲಿತರೆ ಏನು ಸಿಕ್ಕಿತು? ಇಂಗ್ಲಿಷ್ ನಿಘಂಟಿನ ವಿವರಣೆ ಓದಿದರೆ ಮೊದಲನೆಯದು ಸಣ್ಣ ಹನಿಯ ತುಂತುರು, ಎರಡನೆಯದು ಇದ್ದಕ್ಕಿದ್ದಂತೆ ಧೋ ಎಂದು ಸುರಿಯುವುದು ಎಂದು ಗೊತ್ತಾಗುತ್ತದೆ. ತುಂತುರು, ಜಡಿಮಳೆ ಎಂದು ಬೇರೆ ಬೇರೆ ಹೇಳುವ ನಮಗೆ ಇದು ಕಷ್ಟವಲ್ಲ, ಅಲ್ವಾ?

ಆದರೆ ಯಾವ ಪದದ ಪಕ್ಕ ಯಾವುದು ಕೂರುತ್ತದೆ ಎನ್ನುವುದನ್ನು ಉದಾಹರಣೆ ವಾಕ್ಯವೇ ಹೇಳಬೇಕು. ಗಾಳಿಗೆ ಸ್ಟ್ರಾಂಗ್ ವಿಂಡ್, ಮಳೆಗೆ ಮಾತ್ರ ಹೆವಿ ರೇನ್. 'ಇಟ್ ರೇನ್ಡ್ ಹೆವಿಲಿ ಇನ್ ಆಗುಂಬೆ' ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ. ಇನ್ನೊಂದು, ನಮ್ಮವರು ತುಂಬಾ ತಪ್ಪುವುದು: 'ಅಡಿಕೆ ರೇಟಿನ ಬಗ್ಗೆ ಚರ್ಚಿಸಿದೆವು' ಎನ್ನುವ ಅಭ್ಯಾಸದಿಂದ ಡಿಸ್ಕಸ್ ಅಬೌಟ್ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಡಿಸ್ಕಸ್ ಆದಮೇಲೆ ಅಬೌಟ್ ಬೇಡ. 'ವೀ ಡಿಸ್ಕಸ್ಡ್ ದ ಪ್ರೈಸ್', ಅಷ್ಟೇ.

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬಳಸಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸುಲಭ ಪದಗಳಲ್ಲೇ ವಿವರಣೆ ಕೊಟ್ಟಿತು. 1987ರ ಕೋಬಿಲ್ಡ್ ಎಂಬ ನಿಘಂಟಿನಲ್ಲಿ ಅರ್ಥವೇ ಪೂರ್ತಿ ವಾಕ್ಯದ ರೂಪದಲ್ಲಿದೆ. ನನಗೆ ಅದೇ ಜಾಸ್ತಿ ಇಷ್ಟ.

ದಿನಕ್ಕೆ ನಾಲ್ಕೈದು ಪದ ಸಾಕು. ನಿಘಂಟಿನ ವಾಕ್ಯ ಓದಿದ ಮೇಲೆ ನಿಮ್ಮ ತೋಟ, ನಿಮ್ಮ ಬಸ್ಸು, ತುಂಗಾ ಹೊಳೆಯ ಮೇಲೆ ಸ್ವಂತದ್ದೊಂದು ಬರೆಯಿರಿ. ವಾರ ಬಿಟ್ಟು ಪದ ಮುಚ್ಚಿ, ವಾಕ್ಯದಿಂದಲೇ ನೆನಪಿಸಿಕೊಳ್ಳಿ.