ಮರುಭೂಮಿ ಚಾರಣ: ತಲೆ ನೋಡಿ ಹಾವನ್ನು ಅಳೆಯಬೇಡಿ

ಚಾರಣದ ಕಾಲ ಬಂತೆಂದರೆ ಅದೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಬೂಟು ಹಾಕಿ, ಕತ್ತಲಲ್ಲಿ ಟಾರ್ಚ್ ಹಿಡಿಯಿರಿ ಅಂತ ಇಲ್ಲಿ ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತು. ತಪ್ಪಾಗಿ ಗೊತ್ತಿರುವುದೇ ಜಾಸ್ತಿ ಅಪಾಯ. ಅದಕ್ಕಷ್ಟೇ ಉತ್ತರಿಸುತ್ತೇನೆ.

ಪ್ರಶ್ನೆ: ನಾವು ಥಾರ್ ಮರುಭೂಮಿಗೆ ಚಾರಣ ಹೋಗುತ್ತಿದ್ದೇವೆ. ತಲೆ ತ್ರಿಕೋನವಾಗಿದ್ದು, ಕಣ್ಣಿನ ಪಾಪೆ ಉದ್ದ ಸೀಳಿನಂತಿದ್ದರೆ ವಿಷದ ಹಾವು, ಇಲ್ಲದಿದ್ದರೆ ಭಯವಿಲ್ಲ ಎಂದು ಗೈಡ್ ಹೇಳಿದ್ದಾರೆ. ಇಷ್ಟು ತಿಳಿದಿದ್ದರೆ ಸಾಕಲ್ವಾ?

ಸಾಲದು. ನಾನು ಅತಿ ಹೆಚ್ಚು ಕೇಳಿರುವ ತಪ್ಪು ಸಲಹೆ ಇದೇ. ಮೊದಲು ಒಂದು ಮಾತು: ಹಾವಿನ ಕಣ್ಣಿನ ಪಾಪೆ ಕಾಣುವಷ್ಟು ಹತ್ತಿರ ನೀವು ಹೋಗಿದ್ದರೆ, ಆಗಲೇ ಹೋಗಬಾರದ ಜಾಗಕ್ಕೆ ಹೋಗಿದ್ದೀರಿ.

ಈಗ ನಿಮ್ಮ ಗೈಡ್ ಹೇಳಿದ ಲೆಕ್ಕವನ್ನೇ ನೋಡೋಣ. ಕಟ್ಟುಹಾವಿನ ತಲೆ ಕುತ್ತಿಗೆಗಿಂತ ಹೆಚ್ಚು ಅಗಲ ಇರುವುದಿಲ್ಲ. ಕಣ್ಣು ಪುಟ್ಟದು, ಪೂರ್ತಿ ಕಪ್ಪು. ಅಲ್ಲಿ ಸೀಳು ಎಲ್ಲಿ ಹುಡುಕುತ್ತೀರಿ? ನಾಗರಹಾವಿನ ಪಾಪೆ ದುಂಡಗೆ. ಎರಡೂ ಮನುಷ್ಯರನ್ನು ಕೊಲ್ಲಬಲ್ಲವು, ಎರಡೂ ಈ ಪರೀಕ್ಷೆಯಲ್ಲಿ 'ಭಯವಿಲ್ಲ' ಎಂದು ಪಾಸಾಗುತ್ತವೆ. ಇನ್ನೊಂದು ಕಡೆ ಪಾಪದ ಮಣ್ಣುಮುಕ್ಕ ಹಾವಿಗೆ ಪಾಪೆ ಸೀಳಾಗಿದೆ, ವಿಷ ಮಾತ್ರ ಇಲ್ಲ. ಎಷ್ಟೋ ಮಣ್ಣುಮುಕ್ಕಗಳು ಮಂಡಲದ ಹಾವೆಂದು ಸುಮ್ನೆ ಹೊಡೆತ ತಿಂದು ಸಾಯುತ್ತವೆ.

ಅಮೆರಿಕದ ಮರುಭೂಮಿಗಳಲ್ಲೂ ಇದೇ ಕಥೆ. ಅಲ್ಲಿನ ಗೋಫರ್ ಸ್ನೇಕ್ ವಿಷದ್ದಲ್ಲ. ಆದರೆ ಹೆದರಿದಾಗ ತಲೆ ಚಪ್ಪಟೆ ಮಾಡಿ ತ್ರಿಕೋನವಾಗಿಸುತ್ತದೆ, ಜೋರಾಗಿ ಬುಸುಗುಡುತ್ತದೆ, ಬಾಲವನ್ನು ಒಣ ಎಲೆಗಳ ಮೇಲೆ ಅಲುಗಾಡಿಸುತ್ತದೆ. ಅದೇ ಸೊನೋರಾ ಮರುಭೂಮಿಯ ಹವಳದ ಹಾವು ಪೆನ್ಸಿಲ್‌ನಷ್ಟು ಸಣ್ಣ, ತಲೆ ದುಂಡಗೆ, ಆದರೆ ವಿಷದ್ದು. ಸಹಾರಾದ ಕೊಂಬಿನ ಮಂಡಲವನ್ನು ಕೊಂಬು ನೋಡಿ ಗುರುತಿಸುತ್ತೇವೆ ಎನ್ನುವವರಿದ್ದಾರೆ. ಅದೇ ಜಾತಿಯಲ್ಲಿ ಕೊಂಬೇ ಇಲ್ಲದ ಹಾವುಗಳೂ ಇವೆ.

ಹಾಗಾದರೆ ಏನು ನೋಡಬೇಕು? ಒಂದೇ ಗುರುತನ್ನು ನಂಬಬೇಡಿ. ಹೋಗುವ ಜಾಗದಲ್ಲಿ ಯಾವ ವಿಷದ ಹಾವುಗಳಿವೆ ಎಂದು ಹೊರಡುವ ಮೊದಲೇ ತಿಳಿದುಕೊಳ್ಳಿ. ಪಟ್ಟಿ ಉದ್ದವೇನೂ ಇರುವುದಿಲ್ಲ. ಥಾರ್‌ನಲ್ಲಿ ನೀವು ಚೆನ್ನಾಗಿ ಕಲಿಯಬೇಕಾದದ್ದು ಗರಗಸ ಮಂಡಲ. ಒಂದೂವರೆ-ಎರಡು ಅಡಿ ಉದ್ದ, ಮರಳಿನ ಬಣ್ಣ. ನೆತ್ತಿಯ ಮೇಲೆ ಹಕ್ಕಿಯ ಹೆಜ್ಜೆಯಂಥ ಅಥವಾ ಕೂಡಿಸುವ ಚಿಹ್ನೆಯಂಥ ಒಂದು ತಿಳಿ ಗುರುತು. ಮೈಯ ಪಕ್ಕದಲ್ಲಿ ಅಲೆ ಅಲೆಯಾದ ಬಿಳಿ ಗೆರೆ. ಕೆಣಕಿದರೆ ಮೈಯನ್ನು ಮಡಿಕೆ ಮಡಿಕೆಯಾಗಿ ಸುತ್ತಿ ಒಂದಕ್ಕೊಂದು ಉಜ್ಜುತ್ತದೆ. ಪಕ್ಕದ ಹುರುಪೆಗಳು ಗರಗಸದ ಹಲ್ಲಿನಂತೆ ಒರಟಾಗಿರುವುದರಿಂದ ಕಾದ ಹಂಚಿಗೆ ನೀರು ಚಿಮುಕಿಸಿದಂತೆ 'ಚುರ್ರ್' ಎಂಬ ಸದ್ದು ಬರುತ್ತದೆ. ಬಾಯಿಯಿಂದ ಬರುವ ಬುಸುಗುಡುವಿಕೆ ಅಲ್ಲ ಇದು. ಈ ಸದ್ದು ಕೇಳಿದರೆ ಇದ್ದಲ್ಲೇ ನಿಲ್ಲಿ, ಹಾವು ಎಲ್ಲಿದೆ ನೋಡಿ, ಆಮೇಲೆ ಹಿಂದೆ ಸರಿಯಿರಿ.

ಮರಳಿನ ಮೇಲಿನ ಗುರುತುಗಳೂ ಉಪಯೋಗಕ್ಕೆ ಬರುತ್ತವೆ. ಉಳಿದ ಹಾವುಗಳ ಜಾಡು ಸಾಮಾನ್ಯವಾಗಿ ಅಂಕುಡೊಂಕಾದ ಒಂದೇ ಗೆರೆ. ಗರಗಸ ಮಂಡಲ, ಕೊಂಬಿನ ಮಂಡಲ, ಅಮೆರಿಕದ ಸೈಡ್‌ವೈಂಡರ್ ಮರಳಿನ ಮೇಲೆ ಅಡ್ಡಡ್ಡ ಸಾಗುತ್ತವೆ. ಅವು ಹೋದಲ್ಲಿ ಓರೆಯಾದ ಬಿಡಿ ಬಿಡಿ ಗೆರೆಗಳು ಸಾಲಾಗಿ ಬಿದ್ದಿರುತ್ತವೆ. ಬೆಳಗ್ಗೆ ಗುಡಾರದ ಸುತ್ತ ಇಂಥ ಗೆರೆ ಕಂಡರೆ ಪೊದೆಯ ಬುಡಕ್ಕೆ ಕೈ ಹಾಕಬೇಡಿ. ಹಗಲು ಮರಳಲ್ಲಿ ಹೂತು, ಕಣ್ಣಷ್ಟೇ ಹೊರಗಿಟ್ಟು ಮಲಗುವುದು ಈ ಹಾವುಗಳ ಅಭ್ಯಾಸ.

ಗುರುತು ಹಿಡಿಯಲಾಗದಿದ್ದರೆ ಅದನ್ನು ವಿಷದ ಹಾವೆಂದೇ ತಿಳಿದು ದೂರ ನಿಲ್ಲಿ. ನಾನೂ ಹಾಗೇ ಮಾಡುತ್ತೇನೆ. ಹಾವಿನ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಂತವರನ್ನು ಅದು ನಿಂತಲ್ಲಿಂದಲೇ ಕಚ್ಚಲಾರದು. ನಾನಂತೂ ಅದರ ಎರಡು ಪಟ್ಟು ದೂರ ಇಡುತ್ತೇನೆ.

ಪ್ರಶ್ನೆ: ರಾಟಲ್‌ಸ್ನೇಕ್ ಕಚ್ಚುವ ಮೊದಲು ಬಾಲದ ಗಿಲಕಿ ಆಡಿಸಿ ಎಚ್ಚರಿಸುತ್ತದೆ ಅಲ್ವಾ?

ಎಚ್ಚರಿಸಬಹುದು, ಎಚ್ಚರಿಸದೆಯೂ ಇರಬಹುದು. ಮರಿಗಳ ಬಾಲದಲ್ಲಿ ಗಿಲಕಿಯ ಒಂದೇ ತುಣುಕಿದ್ದು ಸದ್ದೇ ಬರುವುದಿಲ್ಲ, ದೊಡ್ಡ ಹಾವಿನ ಗಿಲಕಿಯೂ ಮುರಿದು ಹೋಗಿರಬಹುದು. ಗಿಲಕಿಯ ಉಂಗುರ ಎಣಿಸಿ ವಯಸ್ಸು ಹೇಳುವುದೂ ಸುಳ್ಳು. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ವರ್ಷಕ್ಕೊಂದಲ್ಲ.

ಪ್ರಶ್ನೆ: ರಾಜಸ್ಥಾನದಲ್ಲಿ 'ಪೀವಣಾ' ಎಂಬ ಹಾವು ಮಲಗಿದವರ ಉಸಿರು ಹೀರುತ್ತದಂತೆ. ನಿಜವೇ?

ಉಸಿರು ಹೀರುವ ಹಾವು ಭೂಮಿಯ ಮೇಲಿಲ್ಲ. ಇದು ಕಟ್ಟುಹಾವಿನ ಕೆಲಸ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವು ಹೆಚ್ಚಾಗಿ ಗೊತ್ತೇ ಆಗುವುದಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಉಗುಳು ನುಂಗಲಾಗದಿರುವುದು, ಆಮೇಲೆ ಉಸಿರಾಟಕ್ಕೆ ತೊಂದರೆ. ಗುರುತಿಲ್ಲ ಎಂದು ಮಂತ್ರ ಹಾಕಿಸುತ್ತ ಕೂತರೆ ಜೀವ ಹೋಗುತ್ತದೆ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಓಡಿ. ಥಾರ್‌ನಲ್ಲಿರುವ ಸಿಂಧ್ ಕಟ್ಟುಹಾವು ನಮ್ಮ ಆಂಟಿವೆನಂ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ತಯಾರಿಗೆ ಬಳಸುವ ನಾಲ್ಕು ಹಾವುಗಳಲ್ಲಿ ಸೇರಿಲ್ಲ, ಹಾಗಾಗಿ ಉಸಿರಾಟದ ಆಸರೆ ಇನ್ನೂ ಮುಖ್ಯ. ನಾನು ಅಲ್ಲಿ ನೆಲದ ಮೇಲೆ ಮಲಗುವುದೇ ಇಲ್ಲ.

ಪ್ರಶ್ನೆ: ಕಚ್ಚಿದ ಹಾವನ್ನು ಕೊಂದು ಡಾಕ್ಟರಿಗೆ ತೋರಿಸಬೇಕೇ?

ಬೇಡ. ಕತ್ತರಿಸಿದ ತಲೆಯೂ ಕಚ್ಚುತ್ತದೆ. ಭಾರತದಲ್ಲಿ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವುದು ಒಂದೇ ಆಂಟಿವೆನಂ. ಮಂಡಲದ ವಿಷವೇ ಎಂದು ನೋಡಲು ಡಾಕ್ಟರಿಗೆ ಒಂದು ಗಾಜಿನ ಕೊಳವೆ ಸಾಕು: ಅದರಲ್ಲಿಟ್ಟ ರಕ್ತ 20 ನಿಮಿಷವಾದರೂ ಹೆಪ್ಪುಗಟ್ಟದಿದ್ದರೆ ಉತ್ತರ ಸಿಕ್ಕಿತು.

ಪ್ರಶ್ನೆ: ಕಚ್ಚಿದ ಜಾಗಕ್ಕೆ ಇಡುವ ಹಾವಿನ ಕಲ್ಲು, ವಿಷ ಹೀರುವ ಪಂಪ್, ಬಿಗಿಯಾಗಿ ಕಟ್ಟುವ ಹಗ್ಗ. ಯಾವುದು ಒಳ್ಳೆಯದು?

ಒಂದೂ ಅಲ್ಲ. ಮೂರನ್ನೂ ಮನೆಯಲ್ಲೇ ಬಿಡಿ. ಇವನ್ನು ಮಾರುವವರು ನಿಮ್ಮ ಅತಿ ಬೆಲೆಬಾಳುವ ಮೊದಲ ಗಂಟೆಯನ್ನು ಕದಿಯುತ್ತಿದ್ದಾರೆ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಇರಿಸಿ, ಉಂಗುರ, ವಾಚು ತೆಗೆದು, ವಾಹನ ಹತ್ತಿ.

ಪ್ರಶ್ನೆ: ಗುಡಾರದ ಸುತ್ತ ಬೆಳ್ಳುಳ್ಳಿ ನೀರು ಚೆಲ್ಲಿದರೆ ಹಾವು ಬರುವುದಿಲ್ಲವೇ?

ಬರುತ್ತದೆ. ಗುಡಾರದ ಜಿಪ್ ಪೂರ್ತಿ ಎಳೆಯಿರಿ.